ಉಳಿಸಿದವರ ಕಥೆ, ಉಳಿದವರ ಹೆಸರು

ಸೊಲ್ಲಾಪುರದಲ್ಲಿ ಡಾ. ದ್ವಾರಕಾನಾಥ ಕೋಟ್ನಿಸರ ಹೆಸರನ್ನು ಕೇಳದವರು ವಿರಳ. ಅವರ ಮನೆತನದ ಮನೆ ಈಗ ಸ್ಮಾರಕವಾಗಿದೆ. ಚೀನಾದಿಂದ ಬರುವ ಅತಿಥಿಗಳು ಅದನ್ನು ನೋಡಿ ಹೋಗುತ್ತಾರೆ. ಆದರೆ ಊರಿನ ನೆನಪಿನಲ್ಲಿರುವ ಕೋಟ್ನಿಸರನ್ನು ಬಹುಮಟ್ಟಿಗೆ ಎರಡು ಕೃತಿಗಳು ರೂಪಿಸಿವೆ. ಒಂದು, ಖ್ವಾಜಾ ಅಹ್ಮದ್ ಅಬ್ಬಾಸ್ 1944ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕ. ‘ಒಬ್ಬ ಮಾತ್ರ ಮರಳಿ ಬರಲಿಲ್ಲ’ ಎಂಬುದು ಅದರ ಶೀರ್ಷಿಕೆಯ ಭಾವ. ಇನ್ನೊಂದು, ಅದನ್ನು ಆಧರಿಸಿ ವಿ. ಶಾಂತಾರಾಮ್ 1946ರಲ್ಲಿ ತೆರೆಗೆ ತಂದ ‘ಡಾ. ಕೋಟ್ನಿಸ್ ಕಿ ಅಮರ್ ಕಹಾನಿ’. ಪರರ ಸೈನ್ಯ ಆಕ್ರಮಿಸಿದ ನೆಲದಲ್ಲಿ ಪರರ ಜೀವ ಉಳಿಸಲು ಹೋದವನ ಕಥೆಯನ್ನು ಹೇಗೆ ಹೇಳಬೇಕೆಂಬುದಕ್ಕೆ ಈ ಭಾಗದ ಓದುಗರಿಗೂ ನೋಡುಗರಿಗೂ ದೊರೆತ ಮೊದಲ ಮಾದರಿಗಳು ಇವು. ಆ ಮಾದರಿಯ ಬಲವೂ ಮಿತಿಯೂ ತಿಳಿಯಬೇಕಾದರೆ, ಅದೇ ವರ್ಷಗಳಲ್ಲಿ ಯುರೋಪಿನ ಆಕ್ರಮಿತ ದೇಶಗಳಲ್ಲಿ ಯಹೂದಿ ಮಕ್ಕಳನ್ನು ಮನೆಯೊಳಗೆ ಅಡಗಿಸಿಟ್ಟ ಸಾಮಾನ್ಯರ ಕಥನಗಳ ಪಕ್ಕದಲ್ಲಿಟ್ಟು ಅದನ್ನು ಓದಬೇಕು.

ಕೋಟ್ನಿಸರು ಯಹೂದಿ ಮಕ್ಕಳನ್ನು ಉಳಿಸಿದವರಲ್ಲ. ಅವರ ಎದುರಿಗಿದ್ದುದು ಜಪಾನಿನ ಸೈನ್ಯ, ಅವರ ಕೈಕೆಳಗೆ ಬಂದವರು ಹೆಚ್ಚಾಗಿ ಗಾಯಗೊಂಡ ಸೈನಿಕರು. ಎರಡೂ ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ಕಥನದ ರೀತಿಯಲ್ಲಿ ಇವೆರಡಕ್ಕೂ ಒಂದು ಸಾಮ್ಯವಿದೆ. ರಕ್ಷಕನ ಧೈರ್ಯವನ್ನು ಎತ್ತಿ ಹಿಡಿಯುವ ಭರದಲ್ಲಿ, ರಕ್ಷಣೆಗೊಳಗಾದವರ ಹೆಸರಿಗೂ ನುಡಿಗೂ ಏನಾಯಿತೆಂಬ ಪ್ರಶ್ನೆಯನ್ನು ಎರಡೂ ಕಡೆಯ ಜನಪ್ರಿಯ ಕೃತಿಗಳು ದಾಟಿಹೋಗುತ್ತವೆ. ಅಲ್ಪಸಂಖ್ಯಾತ ಭಾಷೆಯೊಂದರ ಓದುಗರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಬೇಗ ಕಣ್ಣಿಗೆ ಬೀಳಬೇಕು.

ಮೊದಲು ಅಬ್ಬಾಸರ ಶೀರ್ಷಿಕೆಯನ್ನೇ ನೋಡಬಹುದು. ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರ ತಂಡ 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿತು: ಅಟಲ್, ಚೋಳಕರ್, ಕೋಟ್ನಿಸ್, ಬಸು, ಮುಖರ್ಜಿ. ನಾಲ್ವರು ಮರಳಿದರು, ಒಬ್ಬರು ಮರಳಲಿಲ್ಲ. ಲೆಕ್ಕ ಸರಿಯಾಗಿದೆ, ಆದರೆ ಅದು ಬಂದರಿನಲ್ಲಿ ನಿಂತು ಕಾಯುವವರ ಲೆಕ್ಕ. ಉತ್ತರ ಚೀನಾದ ಹೆಬೈ ಪ್ರಾಂತದ ಹಳ್ಳಿಯವರ ಕಡೆಯಿಂದ ನೋಡಿದರೆ, ಐವರಲ್ಲಿ ಒಬ್ಬರು ಉಳಿದರು. ‘ಬರಲಿಲ್ಲ’ ಮತ್ತು ‘ಉಳಿದರು’ ಎಂಬ ಎರಡು ಕ್ರಿಯಾಪದಗಳ ನಡುವೆ ಎರಡು ಬೇರೆ ಬೇರೆ ಪುಸ್ತಕಗಳಿವೆ. ಅಬ್ಬಾಸರು ಬರೆದದ್ದು ಮೊದಲನೆಯದನ್ನು. ಸ್ವಾತಂತ್ರ್ಯ ಚಳವಳಿಯ ಆ ದಿನಗಳಲ್ಲಿ ಭಾರತೀಯ ಓದುಗನಿಗಾಗಿ ಬರೆದ ಪುಸ್ತಕ ಹಾಗಿರುವುದು ಸಹಜ, ಅದನ್ನು ದೋಷವೆನ್ನಲಾಗದು. ದೋಷ ಬರುವುದು ಮುಂದಿನ ತಲೆಮಾರುಗಳು ಅದೊಂದೇ ಕೋನವನ್ನು ಪೂರ್ಣ ಸತ್ಯವೆಂದು ಹಿಡಿದಾಗ.

ಶಾಂತಾರಾಮರ ಚಿತ್ರ ಇನ್ನೂ ಮುಂದೆ ಹೋಗುತ್ತದೆ. ಚಿತ್ರದ ಕೋಟ್ನಿಸ್ ಪ್ಲೇಗಿಗೆ ಮದ್ದು ಹುಡುಕಲು ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಾನೆ, ಜಪಾನೀಯರ ಸೆರೆ ಸಿಕ್ಕಿ ತಪ್ಪಿಸಿಕೊಳ್ಳುತ್ತಾನೆ, ಕೊನೆಗೆ ಆ ರೋಗಕ್ಕೇ ಬಲಿಯಾಗುತ್ತಾನೆ. ವಾಸ್ತವದ ಕೋಟ್ನಿಸರು 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಮೂರ್ಛೆರೋಗದಿಂದ ತೀರಿಕೊಂಡರು. ವರ್ಷಗಟ್ಟಲೆ ನಿದ್ರೆಗೆಟ್ಟು, ಅರೆಹೊಟ್ಟೆಯಲ್ಲಿ, ಚಳಿಯ ಗುಡ್ಡಗಳ ನಡುವೆ ದುಡಿದ ದೇಹಕ್ಕೆ ಆ ರೋಗ ಮತ್ತೆ ಮತ್ತೆ ಎರಗಿತು. ಇಂಥ ಸಾವಿಗೆ ದೃಶ್ಯವಿಲ್ಲ, ಖಳನಿಲ್ಲ. ಚಿತ್ರಕ್ಕೆ ಎರಡೂ ಬೇಕಾಗಿದ್ದುದರಿಂದ ಪ್ಲೇಗು ಬಂತು. ತಂದೆ ತೀರಿದ ಸುದ್ದಿ ತಲುಪಿದ ಮೇಲೂ ಊರಿಗೆ ಮರಳದೆ ಕೆಲಸ ಮುಂದುವರಿಸಿದ ಮಗನ ಬದುಕಿನಲ್ಲಿ ನಿಜವಾದ ಸಂಕಟ ಸಾಕಷ್ಟಿತ್ತು. ಕಲ್ಪಿತ ಸಂಕಟವನ್ನು ಅದರ ಮೇಲೆ ಹೇರಬೇಕಾಗಿರಲಿಲ್ಲ.

ಸಾವಿನ ಕಾರಣ ಬದಲಾದದ್ದು ಎಲ್ಲರ ಕಣ್ಣಿಗೂ ಬೀಳುವ ಮಾರ್ಪಾಡು. ನುಡಿಯ ವಿಷಯದಲ್ಲಿ ಆದ ಮಾರ್ಪಾಡು ಯಾರಿಗೂ ಮಾರ್ಪಾಡೆಂದು ತೋರುವುದಿಲ್ಲ. ತೆರೆಯ ಮೇಲೆ ಚೀನೀಯರೂ ಹಿಂದಿಯಲ್ಲಿ ಮಾತನಾಡುತ್ತಾರೆ. ಚಿಂಗ್‌ಲಾನ್ ಪಾತ್ರದ ಜಯಶ್ರೀ ಹಿಂದಿಯಲ್ಲಿ ಹಾಡುತ್ತಾರೆ. ವ್ಯಾಪಾರಿ ಚಿತ್ರಕ್ಕೆ ಬೇರೆ ದಾರಿಯಿರಲಿಲ್ಲವೆಂದು ಒಪ್ಪಬಹುದು. ಆದರೆ ಇದರಿಂದ ಕೋಟ್ನಿಸರು ಮಾಡಿದ ಅತ್ಯಂತ ದೀರ್ಘವಾದ, ಅತ್ಯಂತ ತಾಳ್ಮೆಯ ಕೆಲಸವೊಂದು ಕಥೆಯಿಂದಲೇ ಅಳಿಸಿಹೋಯಿತು: ಅವರು ಚೀನೀ ಭಾಷೆ ಕಲಿತರು. ಓದಲು, ಬರೆಯಲು, ಕೊನೆಗೆ ಆ ಭಾಷೆಯಲ್ಲಿಯೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಶಕ್ತರಾದರು. ಕೆ ದಿಹುವಾ ಎಂಬ ಚೀನೀ ಹೆಸರನ್ನು ಇಟ್ಟುಕೊಂಡರು. 1941ರಲ್ಲಿ ಬೆಥೂನ್ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆ ಅವರಿಗೆ ಬಂದದ್ದು ಶಸ್ತ್ರಕ್ರಿಯೆಯ ಕೌಶಲಕ್ಕಾಗಿ ಮಾತ್ರವೇ ಇರಲಾರದು. ನೋವು ಎಲ್ಲಿದೆಯೆಂದು ರೋಗಿ ತನ್ನ ಮಾತಿನಲ್ಲಿ ಹೇಳಿದಾಗ ದುಭಾಷಿಯಿಲ್ಲದೆ ತಿಳಿದುಕೊಳ್ಳಬಲ್ಲ ವೈದ್ಯನಿಗೆ ಬೇರೆಯೇ ಬೆಲೆಯಿದೆ. ನಾಲ್ಕು ಭಾಷೆಗಳ ಪೇಟೆಯಲ್ಲಿ ಬೆಳೆದ ಸೊಲ್ಲಾಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಿದ್ದೂ ಊರಿನಲ್ಲಿ ಕೋಟ್ನಿಸರ ಬಗ್ಗೆ ನಡೆಯುವ ಮಾತಿನಲ್ಲಿ ಪ್ಲೇಗು ನುಸುಳುವಷ್ಟು ಸುಲಭವಾಗಿ ಚೀನೀ ಕಲಿಕೆ ನುಸುಳುವುದಿಲ್ಲ.

ತೆರೆಯ ಮೇಲೆ ಕಾಣದ ಇನ್ನೊಂದು ಗುಂಪು ಹಳ್ಳಿಯವರದು. ಜಪಾನಿನ ಸೈನ್ಯ 1941-42ರಲ್ಲಿ ಆ ಪ್ರದೇಶವನ್ನು ಮತ್ತೆ ಮತ್ತೆ ಜಾಲಾಡಿದಾಗ ಆಸ್ಪತ್ರೆಯೂ ಅದರ ವೈದ್ಯಶಾಲೆಯೂ ಗುಡ್ಡದಿಂದ ಗುಡ್ಡಕ್ಕೆ ಸರಿಯಬೇಕಾಗುತ್ತಿತ್ತು. ಗಾಯಾಳುಗಳನ್ನು ಹೊತ್ತವರು, ಮನೆಯೊಳಗೆ ಮುಚ್ಚಿಟ್ಟವರು, ತಮ್ಮ ಪಾಲಿನ ಧಾನ್ಯದಲ್ಲಿ ಪಾಲು ಕೊಟ್ಟವರು ರೈತರು. ಸಿಕ್ಕಿಬಿದ್ದರೆ ಮನೆಗೆ ಬೆಂಕಿ. ವೈದ್ಯರು ಜೀವ ಉಳಿಸಿದರು, ವೈದ್ಯರನ್ನು ಹಳ್ಳಿ ಉಳಿಸಿತು. ರಕ್ಷಣೆಯಲ್ಲಿ ಕೊಡುವವನೂ ಪಡೆಯುವವನೂ ಹೀಗೆ ಅದಲುಬದಲಾಗುತ್ತಿರುತ್ತಾರೆ, ಒಬ್ಬನೇ ನಾಯಕನನ್ನು ಬಯಸುವ ಕಥೆಗೆ ಈ ಅದಲುಬದಲು ಹಿಡಿಸುವುದಿಲ್ಲ.

ಅದೇ ಪ್ರದೇಶದಲ್ಲಿ, 1940ರಲ್ಲಿ, ಮಕ್ಕಳಿಗೇ ಸಂಬಂಧಿಸಿದ ಒಂದು ಘಟನೆ ನಡೆಯಿತು. ಜಿಂಗ್‌ಶಿಂಗ್ ಕಲ್ಲಿದ್ದಲ ಗಣಿಯ ಮೇಲಿನ ದಾಳಿಯ ವೇಳೆ ತಂದೆತಾಯಿಯರನ್ನು ಕಳೆದುಕೊಂಡ ಇಬ್ಬರು ಜಪಾನೀ ಹೆಣ್ಣುಮಕ್ಕಳನ್ನು ಚೀನೀ ಸೈನಿಕರು ಎತ್ತಿ ತಂದರು. ಒಬ್ಬಳು ಮಾತು ಬರುವ ವಯಸ್ಸಿನವಳು, ಇನ್ನೊಬ್ಬಳು ಎಳೆಗೂಸು. ಸೇನಾಪತಿ ನೀ ರೋಂಗ್‌ಜೆನ್ ಅವರಿಬ್ಬರನ್ನೂ ಬುಟ್ಟಿಗಳಲ್ಲಿ ಕೂರಿಸಿ, ಹೆಗಲ ಅಡ್ಡೆಯ ಮೇಲೆ ಹೊರಿಸಿ, ಪತ್ರವೊಂದನ್ನು ಜೊತೆಗಿಟ್ಟು ಜಪಾನೀಯರ ಕಡೆಗೆ ಕಳುಹಿಸಿದರು. ಎಳೆಗೂಸು ಮುಂದೆ ಬದುಕಲಿಲ್ಲ. ದೊಡ್ಡವಳು ಮಿಹೊಕೊ ನಾಲ್ಕು ದಶಕಗಳ ಬಳಿಕ, 1980ರಲ್ಲಿ, ಗುರುತಿಸಲ್ಪಟ್ಟು ಬೀಜಿಂಗಿಗೆ ಹೋಗಿ ನೀ ಅವರನ್ನು ಕಂಡಳು. ಆಕ್ರಮಣಕಾರನ ಮಗುವನ್ನು ಆಕ್ರಮಣಕ್ಕೊಳಗಾದವರು ಉಳಿಸಿದ ಈ ಪ್ರಸಂಗ ಒಂದು ಛಾಯಾಚಿತ್ರದಿಂದಾಗಿ ಲೋಕಕ್ಕೆ ತಿಳಿಯಿತು. ಚಿತ್ರದಲ್ಲಿ ಸೇನಾಪತಿಯೂ ಮಗುವೂ ಇದ್ದಾರೆ. ಬುಟ್ಟಿ ಹೊತ್ತು ಶತ್ರುವಿನ ಠಾಣೆಯವರೆಗೆ ನಡೆದ ಹಳ್ಳಿಗನ ಹೆಗಲಿಗೆ ಆ ಪ್ರಸಿದ್ಧಿಯಲ್ಲಿ ಪಾಲಿಲ್ಲ. ಆ ಹಾದಿಯಲ್ಲಿ ಮಗು ಅತ್ತಾಗ ಅವನು ಯಾವ ಮಾತಿನಲ್ಲಿ ಸಮಾಧಾನ ಮಾಡಿದನೋ.

ಯುರೋಪಿನ ಪ್ರಸಂಗಗಳಿಗೆ ಬಂದರೆ ಪ್ರಮಾಣವೇ ಬೇರೆ. ನಾಜಿಗಳೂ ಅವರ ಸಹಚರರೂ ಕೊಂದ ಯಹೂದಿ ಮಕ್ಕಳ ಸಂಖ್ಯೆ ಸುಮಾರು 15 ಲಕ್ಷ. ಉಳಿದವರು ಅದರ ಮುಂದೆ ಬಹಳ ಕಡಿಮೆ. ರಕ್ಷಣೆಯ ಯಾವ ಕಥೆಯನ್ನು ಓದುವಾಗಲೂ ಈ ಅನುಪಾತ ಮನಸ್ಸಿನಲ್ಲಿರಬೇಕು. ಇಲ್ಲದಿದ್ದರೆ ಉಳಿಸಿದವರ ಸಾಹಿತ್ಯ ಕೊಂದವರಿಗೆ ಪರದೆಯಾಗುತ್ತದೆ. ಯುದ್ಧಾನಂತರದ ಎಷ್ಟೋ ದೇಶಗಳು ತಮ್ಮಲ್ಲಿನ ರಕ್ಷಕರನ್ನು ಮುಂದಿಟ್ಟುಕೊಂಡು, ಮಕ್ಕಳನ್ನು ಹಿಡಿದುಕೊಟ್ಟ ತಮ್ಮವರೇ ಆದ ಪೊಲೀಸರನ್ನೂ ನೆರೆಹೊರೆಯವರನ್ನೂ ಹಿಂದಕ್ಕೆ ಸರಿಸಿದ್ದುಂಟು.

ಆಮ್‌ಸ್ಟರ್‌ಡ್ಯಾಮಿನ ಶಿಶುವಿಹಾರದ ಪ್ರಸಂಗ ಎಲ್ಲಕ್ಕಿಂತ ವಿವರಸಮೃದ್ಧವಾದುದು. ಹಿಡಿದು ತಂದ ಯಹೂದಿ ಕುಟುಂಬಗಳನ್ನು ಒಂದು ನಾಟಕಶಾಲೆಯಲ್ಲಿ ಕೂಡಿಹಾಕಿ, ಮಕ್ಕಳನ್ನು ಬೀದಿಯಾಚೆಯ ಶಿಶುವಿಹಾರದಲ್ಲಿ ಇಡಲಾಗುತ್ತಿತ್ತು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್, ನಾಟಕಶಾಲೆಯಲ್ಲಿ ದಾಖಲೆಗಳ ಹೊಣೆ ಹೊತ್ತ ವಾಲ್ಟರ್ ಸುಸ್‌ಕಿಂಡ್, ಪಕ್ಕದ ಶಿಕ್ಷಕ ತರಬೇತಿ ಶಾಲೆಯ ಯೋಹಾನ್ ವಾನ್ ಹುಲ್ಸ್ಟ್, ಜೊತೆಗೆ ವಿದ್ಯಾರ್ಥಿಗಳ ಗುಪ್ತ ಗುಂಪುಗಳು ಸೇರಿ ಸುಮಾರು 600 ಮಕ್ಕಳನ್ನು ಹೊರಗೆ ಸಾಗಿಸಿದರು. ಟ್ರಾಮು ಬಂದು ಬೀದಿಯ ನಡುವೆ ನಿಂತಾಗ ಎದುರಿನ ಕಾವಲುಗಾರನಿಗೆ ಬಾಗಿಲು ಕಾಣುತ್ತಿರಲಿಲ್ಲ, ಆ ಕ್ಷಣದಲ್ಲಿ ಮಗುವನ್ನು ಎತ್ತಿಕೊಂಡು ಟ್ರಾಮಿನ ಬದಿಯಲ್ಲಿ ನಡೆದುಬಿಡುವುದು. ಹೆಸರು ಪಟ್ಟಿಯಲ್ಲಿದ್ದರೆ ಮಗು ಕಾಣೆಯಾದುದು ಗೊತ್ತಾಗುತ್ತದೆ, ಆದುದರಿಂದ ಮೊದಲು ಪಟ್ಟಿಯಿಂದ ಹೆಸರನ್ನು ತೆಗೆಯಬೇಕು. ಅದಕ್ಕೂ ಮೊದಲು ತಂದೆತಾಯಿಯರ ಒಪ್ಪಿಗೆ ಬೇಕು. ಕೂಸನ್ನು ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಗೊಂಬೆಯನ್ನು ಎದೆಗವಚಿಕೊಂಡು ರೈಲು ಹತ್ತಿದ ತಾಯಂದಿರು ಇದ್ದರು. ಈ ಇಡೀ ಕಥೆಯಲ್ಲಿ ಅತಿ ದೊಡ್ಡ ನಿರ್ಧಾರ ಆ ತಾಯಂದಿರದು. ರಕ್ಷಕರ ಚರಿತ್ರೆಗಳಲ್ಲಿ ಅವರಿಗೆ ಸಿಗುವುದು ಒಂದು ವಾಕ್ಯ.

ಪಿಮೆಂಟೆಲ್ ಮತ್ತು ಸುಸ್‌ಕಿಂಡ್ ಇಬ್ಬರೂ ಯಹೂದಿಗಳು, ಇಬ್ಬರೂ ಯುದ್ಧ ಮುಗಿಯುವುದನ್ನು ನೋಡಲಿಲ್ಲ. ಜೆರುಸಲೇಮಿನ ಯಾದ್ ವಶೆಮ್ ಸಂಸ್ಥೆ 1963ರಿಂದ ನೀಡುತ್ತಿರುವ ‘ಜನಾಂಗಗಳ ನಡುವಿನ ಧರ್ಮಿಷ್ಠರು’ ಎಂಬ ಗೌರವ ಈವರೆಗೆ 28 ಸಾವಿರಕ್ಕೂ ಹೆಚ್ಚು ಮಂದಿಗೆ ಸಂದಿದೆ. ಅದು ಯಹೂದಿಯೇತರರಿಗೆ ಮೀಸಲು. ವಾನ್ ಹುಲ್ಸ್ಟರಿಗೆ ಅದು ದೊರೆಯಿತು, ಪಿಮೆಂಟೆಲ್‌ಗೆ ದೊರೆಯುವಂತಿಲ್ಲ. ತನ್ನವರಲ್ಲದವರಿಗಾಗಿ ಪ್ರಾಣ ಪಣಕ್ಕಿಟ್ಟವರಿಗೆ ಕೃತಜ್ಞತೆ ಸಲ್ಲಿಸಲು ರೂಪಿಸಿದ ಗೌರವ ಹೀಗಿರುವುದರಲ್ಲಿ ತರ್ಕವಿದೆ. ಆದರೆ ಗೌರವದ ಪಟ್ಟಿಯೇ ಇತಿಹಾಸದ ಪಟ್ಟಿಯಾಗಿಬಿಟ್ಟಾಗ, ಯಹೂದಿಗಳು ಬರಿಯ ರಕ್ಷಿತರು, ಉಳಿದವರು ಬರಿಯ ರಕ್ಷಕರು ಎಂಬ ಸುಳ್ಳು ಚಿತ್ರ ಮೂಡುತ್ತದೆ. ಊರಿಗೆ ಊರೇ ಗೌರವ ಪಡೆದ ಉದಾಹರಣೆಗಳು ಕಡಿಮೆ: ಹಾಲೆಂಡಿನ ನ್ಯೂಲಾಂಡೆ, ಫ್ರಾನ್ಸಿನ ಲ ಶಾಂಬೊ.

ಲ ಶಾಂಬೊದಲ್ಲಿ ಪಾದ್ರಿ ಆಂದ್ರೆ ತ್ರೊಕ್ಮೆ ಮತ್ತು ಅವರ ಪತ್ನಿ ಮಗ್ದಾ ಸುತ್ತ, ಗುಡ್ಡನಾಡಿನ ಬಡ ರೈತರು ಸಾವಿರಾರು ಜನರಿಗೆ ಆಶ್ರಯ ಕೊಟ್ಟರು. ಹಿಂದೊಮ್ಮೆ ಧರ್ಮದ ಹೆಸರಿನಲ್ಲಿ ತಾವೇ ಬೇಟೆಗೊಳಗಾಗಿದ್ದ ಪ್ರಾಟೆಸ್ಟಂಟರ ನೆನಪು ಅಲ್ಲಿ ಮನೆಮನೆಯಲ್ಲಿತ್ತು. ಅಲ್ಲಿಯೇ 1944ರಲ್ಲಿ ಹುಟ್ಟಿದ ಪಿಯರ್ ಸೊವಾಜ್ ಮುಂದೆ ದೊಡ್ಡವನಾಗಿ ಬಂದು ತೆಗೆದ ಸಾಕ್ಷ್ಯಚಿತ್ರದಲ್ಲಿ ಮುದುಕರನ್ನು ‘ಏಕೆ ಮಾಡಿದಿರಿ’ ಎಂದು ಕೇಳಿದಾಗ ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. ಬಂದರು, ಬಾಗಿಲು ತೆರೆದೆವು ಎಂಬಷ್ಟೇ ಅವರ ಉತ್ತರದ ಸಾರ. ವಿಮರ್ಶಕರು ಇದನ್ನು ವಿನಯವೆಂದು ಓದುತ್ತ ಬಂದಿದ್ದಾರೆ. ವರದಿಯೆಂದು ಓದಿದರೆ ಹೆಚ್ಚು ತಿಳಿಯುತ್ತದೆ: ಆ ಜನರಿಗೆ ರಕ್ಷಣೆಯೆಂಬುದು ಒಂದು ರಾತ್ರಿಯ ಸಾಹಸವಾಗಿರಲಿಲ್ಲ, ಮೂರು ವರ್ಷ ದಿನವೂ ಒಂದು ತಟ್ಟೆ ಹೆಚ್ಚು ಇಡುವ ಕೆಲಸವಾಗಿತ್ತು. ರೇಷನ್ ಚೀಟಿಯಿಲ್ಲದ ಬಾಯಿಗೆ ಅನ್ನ, ಬೆಳೆಯುವ ಕಾಲಿಗೆ ಬೂಟು, ಜ್ವರ ಬಂದಾಗ ಬಾಯಿ ಬಿಡದ ವೈದ್ಯ. ಹೆಚ್ಚಿನ ಭಾಗ ಹೆಂಗಸರ ಕೆಲಸ.

ಸಿದ್ಧರಾಮನ ಸೊನ್ನಲಿಗೆಯಲ್ಲಿ ಇದಕ್ಕೆ ದಾಸೋಹವೆಂಬ ಮಾತನ್ನು ಬಳಸಲು ಯಾರಿಗಾದರೂ ಮನಸ್ಸಾಗಬಹುದು. ಅನ್ನದ ಮಟ್ಟಿಗೆ ಮಾತು ಹೊಂದುತ್ತದೆ. ಆದರೆ ದಾಸೋಹದ ಬಾಗಿಲು ತೆರೆದ ಬಾಗಿಲು. ಸಿದ್ಧರಾಮ ಕಟ್ಟಿಸಿದ ಕೆರೆಯಂತೆ ಅದು ಎಲ್ಲರ ಕಣ್ಣೆದುರಿನ ಕಾಯಕ. ಇಲ್ಲಿ ಬಾಗಿಲು ಮುಚ್ಚಿರಬೇಕಾಗಿತ್ತು. ಸುಳ್ಳು ಹೇಳಬೇಕಾಗಿತ್ತು, ಮಕ್ಕಳಿಗೆ ಸುಳ್ಳು ಹೇಳಲು ಕಲಿಸಬೇಕಾಗಿತ್ತು.

ಕಲಿಸಿದ ಮೊದಲ ಸುಳ್ಳು ಹೆಸರು. ವಾರ್ಸಾದ ಸಮಾಜಸೇವಕಿ ಇರೆನಾ ಸೆಂಡ್ಲರ್ ಮತ್ತು ಅವರ ಸಂಗಡಿಗರು ಗೆಟ್ಟೊದಿಂದ ಹೊರತಂದ ಮಕ್ಕಳಿಗೆ ಪೋಲಿಷ್ ಹೆಸರು, ಕ್ಯಾಥೊಲಿಕ್ ಪ್ರಾರ್ಥನೆ, ಶಿಲುಬೆಯ ಗುರುತು ಮಾಡುವ ಬಗೆ ಇವೆಲ್ಲವನ್ನೂ ಕಲಿಸಬೇಕಿತ್ತು. ಯಿಡ್ಡಿಷ್ ಮಾತ್ರ ಬಲ್ಲ, ಅಥವಾ ಪೋಲಿಷಿನಲ್ಲಿ ಯಿಡ್ಡಿಷಿನ ಎಳೆತವಿದ್ದ ಮಗುವನ್ನು ಅಡಗಿಸುವುದು ಬಹಳ ಕಷ್ಟ. ಕೂದಲಿಗೆ ಬಣ್ಣ ಹಚ್ಚಬಹುದು, ಉಚ್ಚಾರಕ್ಕೆ ಹಚ್ಚಲಾಗದು. ನಿದ್ದೆಯಲ್ಲಿ ಕನವರಿಸಿದರೂ ಪ್ರಾಣಾಪಾಯ. ಹೀಗೆ ಎಷ್ಟೋ ಮಕ್ಕಳ ಪಾಲಿಗೆ ತಾಯ್ನುಡಿಯೆಂಬುದು ಸಾವಿನ ಸುಳಿವಾಯಿತು, ಅದನ್ನು ಮರೆಯುವುದು ಬದುಕುವ ವಿದ್ಯೆಯಾಯಿತು. ಎರಡು ಮೂರು ವರ್ಷದವರು ನಿಜವಾಗಿಯೂ ಮರೆತರು.

ಸೆಂಡ್ಲರ್ ಇದನ್ನು ಬಲ್ಲವರಾಗಿದ್ದರು. ತೆಳ್ಳನೆಯ ಕಾಗದದ ಚೀಟಿಗಳಲ್ಲಿ ಮಗುವಿನ ನಿಜ ಹೆಸರು, ಹೊಸ ಹೆಸರು, ಇಟ್ಟ ಸ್ಥಳ ಬರೆದು, ಗಾಜಿನ ಭರಣಿಯಲ್ಲಿ ಹಾಕಿ ಸ್ನೇಹಿತೆಯ ಹಿತ್ತಲಲ್ಲಿ ಹೂಳಿದರು. 1943ರ ಅಕ್ಟೋಬರಿನಲ್ಲಿ ಗೆಸ್ಟಾಪೊ ಕೈಗೆ ಸಿಕ್ಕಿ ಚಿತ್ರಹಿಂಸೆಗೆ ಒಳಗಾದರೂ ಆ ಹೆಸರುಗಳನ್ನು ಹೇಳಲಿಲ್ಲ. ಯುದ್ಧಾನಂತರ ಪಟ್ಟಿ ಯಹೂದಿ ಸಂಘಟನೆಯ ಕೈ ಸೇರಿತು. 1999ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಶಾಲಾ ಹುಡುಗಿಯರು ಅವರ ಬಗ್ಗೆ ನಾಟಕ ಬರೆದರು, 2009ರಲ್ಲಿ ದೂರದರ್ಶನ ಚಿತ್ರ ಬಂತು, 2,500 ಎಂಬ ಸಂಖ್ಯೆ ಅವರ ಹೆಸರಿಗೆ ಅಂಟಿಕೊಂಡಿತು. ಸಂಶೋಧಕರಲ್ಲಿ ಆ ಸಂಖ್ಯೆಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಎಷ್ಟೇ ಆದರೂ ಅದು ಒಬ್ಬರ ಲೆಕ್ಕವಲ್ಲ, ಇಡೀ ಜಾಲದ ಲೆಕ್ಕ. ತಾನು ನಾಯಕಿಯಲ್ಲವೆಂದು, ಜೊತೆಗಿದ್ದವರ ಹೆಸರೂ ಬರಬೇಕೆಂದು ಸೆಂಡ್ಲರ್ ಕೊನೆಯವರೆಗೆ ಹೇಳುತ್ತಲೇ ಇದ್ದರು. ಜನಪ್ರಿಯ ಕಥನ ಆ ಮಾತನ್ನೂ ಅವರ ಹಿರಿಮೆಯ ಇನ್ನೊಂದು ಪುರಾವೆಯಾಗಿ ಮಾಡಿಕೊಂಡಿತು.

ಬ್ರಸೆಲ್ಸಿನ ಶಾಲಾ ಶಿಕ್ಷಕಿ ಆಂದ್ರೆ ಗ್ಯೂಲೆನ್ ಬಿಟ್ಟುಹೋದ ವಸ್ತು ಇನ್ನೂ ಗಮನಾರ್ಹವಾದುದು. ತರಗತಿಯ ಕೆಲವು ಮಕ್ಕಳು ಹಳದಿ ನಕ್ಷತ್ರ ಹೊಲಿದುಕೊಂಡು ಬಂದಾಗ, ನಕ್ಷತ್ರ ಕಾಣದಿರಲೆಂದು ಅವರು ಎಲ್ಲ ಮಕ್ಕಳಿಗೂ ಮೇಲಂಗಿ ತೊಡಿಸಿದರು. ಮುಂದೆ ಇಡಾ ಸ್ಟೆರ್ನೊ ಎಂಬ ಯಹೂದಿ ಸಂಗಾತಿಯೊಡನೆ ನೂರಾರು ಮಕ್ಕಳನ್ನು ರೈತರ ಮನೆಗಳಿಗೂ ಕಾನ್ವೆಂಟುಗಳಿಗೂ ತಲುಪಿಸಿದರು. ಅವರ ಜಾಲ ಮಕ್ಕಳ ವಿವರಗಳನ್ನು ಬೇರೆ ಬೇರೆ ನೋಟುಪುಸ್ತಕಗಳಲ್ಲಿ ಹಂಚಿ ಬರೆಯಿತು. ಒಂದರಲ್ಲಿ ನಿಜ ಹೆಸರು, ಇನ್ನೊಂದರಲ್ಲಿ ಸುಳ್ಳು ಹೆಸರು, ಮತ್ತೊಂದರಲ್ಲಿ ವಿಳಾಸ. ಜೋಡಿಸುವ ಕೊಂಡಿ ಒಂದು ಗುಪ್ತ ಸಂಖ್ಯೆ. ಒಂದು ಪುಸ್ತಕ ಶತ್ರುವಿನ ಕೈಗೆ ಬಿದ್ದರೆ ಅದರಿಂದ ಒಂದು ಮಗುವೂ ಸಿಗಬಾರದು. ಗ್ಯೂಲೆನ್ 2022ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ತಾವು ಕರೆದೊಯ್ದ ಮಕ್ಕಳ ಹೆಸರುಗಳನ್ನು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಸಾಹಿತ್ಯವಿಮರ್ಶೆ ಈ ನೋಟುಪುಸ್ತಕಗಳನ್ನು ಪಠ್ಯವೆಂದು ಓದಬೇಕು. ರಕ್ಷಣೆಯ ಬಗ್ಗೆ ಬಂದ ಯಾವ ಕಾದಂಬರಿ, ಯಾವ ಚಿತ್ರವೂ ಇವುಗಳ ಮಟ್ಟಕ್ಕೆ ಏರುವುದಿಲ್ಲ. ಇವುಗಳಲ್ಲಿ ನಾಯಕಿಯಿಲ್ಲ, ವಿಶೇಷಣವಿಲ್ಲ, ಬರೆದವರ ಭಾವನೆಯೂ ಇಲ್ಲ. ಆದರೆ ಮಗುವಿಗೆ ಒಂದು ಹಿಂದಿನ ಹೆಸರಿದೆ, ಅದನ್ನು ಮುಂದೊಂದು ದಿನ ಮಗುವಿಗೆ ಮರಳಿಸಬೇಕು ಎಂಬ ತಿಳುವಳಿಕೆ ಪುಟಪುಟದಲ್ಲೂ ಇದೆ. ಹೆಸರನ್ನು ಬದಲಿಸಿದ ಕೈಯೇ ಹಳೆಯ ಹೆಸರನ್ನು ಕಾದಿರಿಸಿತು. ಉಳಿಸುವುದೆಂದರೆ ತನ್ನದಾಗಿಸಿಕೊಳ್ಳುವುದಲ್ಲ ಎಂಬ ಅರಿವು ಧೈರ್ಯಕ್ಕಿಂತ ಅಪರೂಪವಾದುದೆಂದು ಅದೇ ಕಾಲದ ಇನ್ನೊಂದು ಪ್ರಸಂಗ ತೋರಿಸುತ್ತದೆ.

ವಿಯೆನ್ನಾದಿಂದ ಫ್ರಾನ್ಸಿಗೆ ಓಡಿಬಂದ ವೈದ್ಯ ಫಿನಾಲಿ ಮತ್ತು ಅವರ ಪತ್ನಿಯನ್ನು 1944ರ ಫೆಬ್ರುವರಿಯಲ್ಲಿ ಹಿಡಿದೊಯ್ಯಲಾಯಿತು. ಅವರ ಇಬ್ಬರು ಗಂಡುಮಕ್ಕಳು, ರಾಬರ್ ಮತ್ತು ಜೆರಾಲ್, ಗ್ರೆನೋಬಲ್ ನಗರದ ಶಿಶುಗೃಹದ ಮುಖ್ಯಸ್ಥೆ ಆಂತ್ವಾನೆತ್ ಬ್ರೂನ್ ಬಳಿ ಉಳಿದರು. ಆಕೆಯ ದಿಟ್ಟತನ ಪ್ರಶ್ನಾತೀತ. ಯುದ್ಧ ಮುಗಿದು ಮಕ್ಕಳ ಸೋದರತ್ತೆಯರು ಅವರನ್ನು ಕೇಳಿದಾಗ ಆಕೆ ಕೊಡಲೊಪ್ಪಲಿಲ್ಲ, 1948ರಲ್ಲಿ ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷಾಸ್ನಾನ ಮಾಡಿಸಿದರು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ನ್ಯಾಯಾಲಯದ ತೀರ್ಪು ವಿರುದ್ಧವಾದಾಗ ಕೆಲವು ಪಾದ್ರಿಗಳ ನೆರವಿನಿಂದ ಮಕ್ಕಳನ್ನು ಗಡಿ ದಾಟಿಸಿ ಸ್ಪೇನಿನಲ್ಲಿ ಬಚ್ಚಿಡಲಾಯಿತು. ನಾಜಿಗಳಿಂದ ಬಚ್ಚಿಟ್ಟವರನ್ನು ಈಗ ಸ್ವಂತ ಅತ್ತೆಯರಿಂದ ಬಚ್ಚಿಡಬೇಕಾಯಿತು. 1953ರ ಬೇಸಿಗೆಯಲ್ಲಿ ಮಕ್ಕಳು ಮರಳಿ ಬಂದು ಬಂಧುಗಳೊಡನೆ ಇಸ್ರೇಲಿಗೆ ತೆರಳಿದರು. ಬ್ರೂನ್ ಅವರನ್ನು ಖಳನಾಯಕಿಯಾಗಿಸುವುದು ಸುಲಭ, ಅನ್ಯಾಯವೂ ಹೌದು. ಆಕೆ ಮಕ್ಕಳನ್ನು ಪ್ರೀತಿಸಿರಬೇಕು. ಪ್ರಾಣ ಉಳಿಸಿದ ಋಣಕ್ಕೆ ಬದಲಾಗಿ ಮಗುವಿನ ಹುಟ್ಟನ್ನೇ ಪಡೆದುಕೊಳ್ಳಬಹುದೆಂದು ಆ ಪ್ರೀತಿ ನಂಬಿತು. ರಕ್ಷಕರ ಕಥನಗಳ ಸಂಗ್ರಹಗಳಿಂದ ಇಂಥ ಪ್ರಸಂಗಗಳನ್ನು ಬಿಟ್ಟುಬಿಡುವ ರೂಢಿ ಆ ಸಾಹಿತ್ಯವನ್ನು ಸಪ್ಪೆಯಾಗಿಸಿದೆ.

ಇದಕ್ಕೆ ತದ್ವಿರುದ್ಧವಾದ ಆಶ್ರಯದ ಮಾದರಿಯೊಂದು ಸೊಲ್ಲಾಪುರಕ್ಕೆ ಬಹಳ ದೂರವಲ್ಲದ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಸೋವಿಯತ್ ಸೈಬೀರಿಯಕ್ಕೆ ಗಡೀಪಾರಾಗಿ ಇರಾನಿನ ಮೂಲಕ ಹೊರಬಿದ್ದ ಪೋಲಿಷ್ ನಿರಾಶ್ರಿತರಲ್ಲಿ ಸುಮಾರು ಐದು ಸಾವಿರ ಮಂದಿ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ವಳಿವಡೆಯ ಶಿಬಿರದಲ್ಲಿದ್ದರು. ಜಾಮನಗರದ ಬಾಲಾಚಡಿಯಲ್ಲಿ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಆಶ್ರಯ ಕೊಟ್ಟ ಮಕ್ಕಳೂ 1946ರಲ್ಲಿ ಅಲ್ಲಿಗೆ ಬಂದು ಸೇರಿದರು. ಇವರು ಬಹುಪಾಲು ಕ್ಯಾಥೊಲಿಕರು. ಅದೇ ಗುಂಪಿನ ಯಹೂದಿ ಅನಾಥರ ದಾರಿ ಬೇರೆಯಾಯಿತು: ‘ತೆಹರಾನ್ ಮಕ್ಕಳು’ ಎಂದು ಹೆಸರಾದ ಅವರು ಇರಾಕ್ ದಾರಿ ಕೊಡದ ಕಾರಣ ಹಡಗಿನಲ್ಲಿ ಕರಾಚಿಗೆ ಬಂದು, ಅಲ್ಲಿಂದ ಸೂಯೆಜ್ ಮೂಲಕ 1943ರ ಫೆಬ್ರುವರಿಯಲ್ಲಿ ಪ್ಯಾಲೆಸ್ತೀನ್ ತಲುಪಿದರು. ವಳಿವಡೆಯಲ್ಲಿ ಪೋಲಿಷ್ ಶಾಲೆ, ಪೋಲಿಷ್ ನಾಟಕ, ಇಗರ್ಜಿ, ಸ್ಕೌಟ್ ದಳ ಎಲ್ಲವೂ ನಡೆದವು. ಪಂಚಗಂಗೆಯ ತೀರದಲ್ಲಿ ಬೆಳೆದ ಮಗು ಐದು ವರ್ಷದ ಬಳಿಕವೂ ತನ್ನ ಹೆಸರು, ತನ್ನ ನುಡಿಯೊಂದಿಗೇ ಹೊರಟಿತು. ಕಾರಣ ಸರಳ. ಅಲ್ಲಿ ಶತ್ರುವಿನ ಕಣ್ಣಿರಲಿಲ್ಲ, ಸಮುದಾಯ ಒಟ್ಟಿಗಿತ್ತು. ಇಂಥ ಆಶ್ರಯಕ್ಕೂ, ಗೆಟ್ಟೊದಿಂದ ಒಂಟಿಯಾಗಿ ಹೊರಬಂದು ಒಂಟಿ ಮನೆಯಲ್ಲಿ ಬೇರೆ ಹೆಸರಿನಲ್ಲಿ ಅಡಗಿದ ಮಗುವಿನ ಬದುಕಿಗೂ ‘ರಕ್ಷಣೆ’ ಎಂಬ ಒಂದೇ ಶಬ್ದವನ್ನು ಬಳಸುವುದು ಭಾಷೆಯ ಬಡತನ.

ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ಅಕ್ಕಲಕೋಟದಲ್ಲಿ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳ ಸ್ಥಿತಿಯ ಬಗ್ಗೆ, 1956ರ ಪುನರ್ವಿಂಗಡಣೆಯ ಬಗ್ಗೆ, ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಲು 1967ರ ಮಹಾಜನ ವರದಿ ಸೂಚಿಸಿದ್ದರ ಬಗ್ಗೆ ಬರೆಯುವವರು ಕೆಲವೊಮ್ಮೆ ‘ಭಾಷೆಯ ಹತ್ಯೆ’ಯಂಥ ಮಾತುಗಳನ್ನು ಸಲೀಸಾಗಿ ಬಳಸುತ್ತಾರೆ. ಅಕ್ಕಲಕೋಟದ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತದೆ. ಸೊಲ್ಲಾಪುರದ ನೇಕಾರ ಓಣಿಗೆ ಹೋದರೆ ತೆಲುಗು, ಉರ್ದು ಕಿವಿಗೆ ಬೀಳುತ್ತವೆ. ಶಾಲೆಯ ಭಾಷೆ ಬದಲಾದಾಗ ಆ ಮಗು ಕಳೆದುಕೊಳ್ಳುವುದು ಸಣ್ಣದಲ್ಲ, ಅದರ ಲೆಕ್ಕ ಇಡಲೇಬೇಕು. ಆದರೆ ಬಾಯಿ ತೆರೆದರೆ ಗುಂಡು ಬೀಳುತ್ತದೆಂದು ಅದು ತಾಯ್ನುಡಿ ಬಿಟ್ಟಿಲ್ಲ. ವಾರ್ಸಾದ ಮಗುವಿನ ಮೌನವನ್ನು ರೂಪಕವಾಗಿ ಎತ್ತಿಕೊಂಡರೆ ಎರಡೂ ಮಕ್ಕಳಿಗೆ ಅನ್ಯಾಯವಾಗುತ್ತದೆ. ಗಡಿನಾಡಿನ ಓದುಗ ಆ ಸಾಹಿತ್ಯದ ಬಳಿಗೆ ತನ್ನ ದುಃಖದ ಹೋಲಿಕೆಗಾಗಿ ಹೋಗಬೇಕಾಗಿಲ್ಲ. ಹೆಸರು ಮತ್ತು ನುಡಿಯನ್ನು ಕೇಳುವ ಅಭ್ಯಾಸವಿರುವ ಕಿವಿ ಅವನಿಗಿದೆ; ಇತರ ಓದುಗರು ದಾಟಿಹೋಗುವಲ್ಲಿ ಅವನು ನಿಲ್ಲಬಲ್ಲ.

ಹಾಗೆ ನಿಂತು ಕೋಟ್ನಿಸರ ಕಥೆಗೆ ಮರಳಿದರೆ, ಚಿತ್ರದ ಕೊನೆಯ ಭಾಗ ಬೇರೆಯಾಗಿ ಕಾಣುತ್ತದೆ. ವೈದ್ಯ ಸತ್ತ ಮೇಲೆ ಚಿಂಗ್‌ಲಾನ್ ಮಗುವನ್ನೆತ್ತಿಕೊಂಡು ಭಾರತಕ್ಕೆ, ಗಂಡನ ಮನೆಗೆ ಬರುತ್ತಾಳೆ. ಪ್ರೇಕ್ಷಕರ ಕಣ್ಣು ತೇವಗೊಳ್ಳುವ ದೃಶ್ಯ. ಮರಳದಿದ್ದವನನ್ನು ಮಗುವಿನ ರೂಪದಲ್ಲಿ ಮರಳಿಸಿ ಚಿತ್ರ ಅಬ್ಬಾಸರ ಶೀರ್ಷಿಕೆಯ ಸಾಲ ತೀರಿಸುತ್ತದೆ. ಆದರೆ ಈ ಮರಳುವಿಕೆಯಲ್ಲಿ ಮಗು ತಾಯಿಯ ನಾಡನ್ನೂ ನುಡಿಯನ್ನೂ ಬಿಟ್ಟು ಬರಬೇಕೆಂಬುದನ್ನು ಚಿತ್ರ ಗಮನಿಸುವುದೇ ಇಲ್ಲ, ಅಂದಿನ ಪ್ರೇಕ್ಷಕನೂ ಗಮನಿಸಿದಂತಿಲ್ಲ. ವಾಸ್ತವದಲ್ಲಿ ಗುವೊ ಚಿಂಗ್‌ಲಾನ್ ಚೀನಾದಲ್ಲಿಯೇ ಉಳಿದರು. ಅವರು ದಾದಿಯರಿಗೆ ಪಾಠ ಹೇಳುತ್ತಿದ್ದ ವೃತ್ತಿನಿರತೆ. 1941ರಲ್ಲಿ ಕೋಟ್ನಿಸರನ್ನು ಮದುವೆಯಾದಾಗಲೂ ಅವರಿಗೆ ತಮ್ಮದೇ ಕೆಲಸವಿತ್ತು. ಮುಂದೆ ಹಲವು ಸಲ ಭಾರತಕ್ಕೆ ಬಂದರು, ಕೋಟ್ನಿಸರ ಬಂಧುಗಳೊಡನೆ ನಂಟು ಉಳಿಸಿಕೊಂಡರು, ತಮ್ಮ ನೆನಪುಗಳನ್ನು ಬರೆದರು, 2012ರಲ್ಲಿ ತೀರಿಕೊಂಡರು. ಸೊಲ್ಲಾಪುರದ ಸ್ಮಾರಕಕ್ಕೆ ಹೋಗುವವರು ಅಬ್ಬಾಸರ ಪುಸ್ತಕಕ್ಕಿಂತ ಮೊದಲು ಆ ನೆನಪುಗಳನ್ನು ಓದುವುದು ಒಳಿತು.

ಮಗು ಹುಟ್ಟಿದ್ದು 1942ರ ಆಗಸ್ಟಿನಲ್ಲಿ, ತಂದೆಯ ಸಾವಿಗೆ ನಾಲ್ಕು ತಿಂಗಳು ಮುಂಚೆ. ಬುಟ್ಟಿಗಳಲ್ಲಿ ಜಪಾನೀ ಮಕ್ಕಳನ್ನು ಕಳುಹಿಸಿದ ಅದೇ ನೀ ರೋಂಗ್‌ಜೆನ್ ಈ ಮಗುವಿಗೂ ಹೆಸರು ಸೂಚಿಸಿದರೆಂದು ಹೇಳುತ್ತಾರೆ: ಯಿನ್‌ಹುವಾ. ‘ಯಿನ್’ ಎಂದರೆ ಚೀನೀಯರು ಭಾರತಕ್ಕೆ ಬಳಸುವ ಹೆಸರಿನ ಮೊದಲಕ್ಷರ, ‘ಹುವಾ’ ಎಂದರೆ ಚೀನಾ. ಹುಡುಗ ವೈದ್ಯವಿದ್ಯೆ ಓದುತ್ತಿದ್ದಾಗ 1967ರಲ್ಲಿ, ತಂದೆಗಿಂತಲೂ ಎಳೆಯ ವಯಸ್ಸಿನಲ್ಲಿ ತೀರಿಕೊಂಡ.